ಹಾಲಯ್ಯಜ್ಜನವರು ಗಡಿಗೆಗೆ ತೂತು ಕೊರೆದದ್ದು

ಹಿರೇಬಂಡಿಹಾಳದ ಕಲ್ಲುಗುಡ್ಡದ ಮೇಲೆ ಪೂಜ್ಯ ಹಾಲಯ್ಯಜ್ಜನವರು ಇಪ್ಪತ್ತೆರಡು ವರ್ಷ ವಾಸವಾಗಿದ್ದರು. ಜನ ಭಕ್ತಿಯಿಂದ ಮಠವೆಂದು ಕರೆಯುತ್ತಿದ್ದರೂ ಅಲ್ಲಿದ್ದದ್ದು ಎರಡು ಅಂಕಣದ ಕಲ್ಲುಮನೆ, ಒಂದು ಕಂಬಳಿ, ಒಂದು ನೀರಿನ ಹರವಿ, ಪುಟ್ಟದೊಂದು ಲಿಂಗ. ಗುಡ್ಡದ ಮೇಲೆ ಎಲ್ಲಿ ಕೆದರಿದರೂ ಬಂಡೆಯೇ, ಗೇಣುದ್ದ ಮಣ್ಣಿರಲಿಲ್ಲ. ಪೂಜೆಯ ಬಿಲ್ವಪತ್ರಿಗಾಗಿ ಅಜ್ಜನವರು ದಿನವೂ ಹಳ್ಳದಾಚೆಗೆ ನಡೆದುಹೋಗುತ್ತಿದ್ದರು. ಅವರಿಗೆ ಮೊಣಕಾಲು ನೋವು ಹೆಚ್ಚಿದಾಗ, ಬಿಲ್ವದ ಸಸಿಗಳನ್ನು ಗುಡ್ಡದ ಮೇಲೆಯೇ ಗಡಿಗೆಯಲ್ಲಿ ಬೆಳೆಸೋಣವೆಂದು ಭಕ್ತರು ಗೊತ್ತುಮಾಡಿದರು. ಕುಂಬಾರ ದ್ಯಾವಪ್ಪ ತಾನೇ ಗಾಡಿ ಕಟ್ಟಿಕೊಂಡು ಬಂದು ಅಗಲ ಬಾಯಿಯ ಹನ್ನೆರಡು ಗಡಿಗೆಗಳನ್ನು ಇಳಿಸಿಹೋದ.

ದ್ಯಾವಪ್ಪ ಕೈಗೆಲಸದಲ್ಲಿ ಹೆಸರಾದವನು. ಅವನ ಗಡಿಗೆಯಲ್ಲಿ ರಾತ್ರಿ ತುಂಬಿಟ್ಟ ನೀರು ಬೆಳಗ್ಗೆ ಒಂದು ತೊಟ್ಟೂ ಸೋರಿರುತ್ತಿರಲಿಲ್ಲ. ಆದರೆ ಆ ಕೈಗಳಿಗಿದ್ದ ನೆಮ್ಮದಿ ಅವನ ಮನಸ್ಸಿಗಿರಲಿಲ್ಲ. ಸೊಸೆ ಹೊನ್ನವ್ವನಿಗೆ ಎರಡು ಸಲ ಬಸಿರು ನಿಂತು, ಎರಡು ಸಲವೂ ಇಳಿದುಹೋಗಿತ್ತು. ಮೊದಲನೆಯ ಸಲ ಹಾಗಾಗುವ ಹಿಂದಿನ ದಿನ ಅವಳು ಹೋಳಿಗೆ ತಿಂದಿದ್ದಳು; ಅದನ್ನು ಕಳಿಸಿದವಳು ದ್ಯಾವಪ್ಪನ ತೀರಿಹೋದ ಅಣ್ಣನ ಹೆಂಡತಿ ಸೋಮವ್ವ. ಮಕ್ಕಳಿಲ್ಲದ ವಿಧವೆ, ಹಿಂದಿನ ಓಣಿಯಲ್ಲಿ ಒಬ್ಬಳೇ ಇದ್ದವಳು. ದ್ಯಾವಪ್ಪನಿಗೆ ಅಷ್ಟೇ ಸಾಕಾಯಿತು. ಅವಳೇ ಏನೋ ಮಾಡಿಸಿದ್ದಾಳೆಂದು ಬೀದಿಯಲ್ಲಿ ನಿಂತು ಕೂಗಾಡಿದ್ದ. ಅಂದಿನಿಂದ ಎರಡು ಮನೆಗಳ ನಡುವೆ ಮಾತಿರಲಿಲ್ಲ.

ಈಗ ಹೊನ್ನವ್ವ ಮತ್ತೆ ಬಸುರಿ. ಆರು ತುಂಬಿ ಏಳಕ್ಕೆ ಬಿದ್ದಿತ್ತು. ದ್ಯಾವಪ್ಪ ಅವಳನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ, ಹೊರಗಿನವರನ್ನು ಒಳಗೆ ಬಿಡುತ್ತಿರಲಿಲ್ಲ. ಅವಳ ತವರಿನಿಂದ ಬಂದ ಉಂಡಿಯನ್ನೂ ಮೊದಲು ಕೋಳಿಗೆ ಹಾಕಿ ನೋಡಿದ. ಮಗ ಅಪ್ಪನಿಗೆ ಎದುರಾಡುವವನಲ್ಲ.

ಹೀಗಿರುವಾಗ ಒಂದು ದಿನ, ಗುಡ್ಡದಿಂದ ಇಳಿದುಬಂದ ತಿಪ್ಪವ್ವ ಎಂಬ ಭಕ್ತೆ ಅವನ ತಿಗರಿಯ ಮುಂದೆ ನಿಂತಳು.

"ದ್ಯಾವಣ್ಣ, ಅಜ್ಜಾರು ನಿನ್ನ ಗಡಿಗಿ ಬೋರಲು ಹಾಕ್ಕೊಂಡು ತಳಕ್ಕ ತೂತು ಕೊರ್ಯಾಕ ಹತ್ಯಾರಲ್ಲ! ಬಾಯಾಗ ಏನೋ ಪಿಟಿಪಿಟಿ ಅಂತಿದ್ರು. ನನಗೇನೂ ತಿಳೀಲಿಲ್ಲಪ."

ತಿರುಗುತ್ತಿದ್ದ ತಿಗರಿ ತಾನಾಗಿ ನಿಂತಿತು. ಗಡಿಗೆಗೆ ತೂತು ಹಾಕುವುದು ಎಲ್ಲಿ ಎಂಬುದು ಕುಂಬಾರನಿಗೆ ಗೊತ್ತಿಲ್ಲವೆ? ಹೆಣದ ಸುತ್ತ ಹೊತ್ತು ತಿರುಗುವ ಗಡಿಗೆಗೆ, ಸುಡುಗಾಡಿನಲ್ಲಿ. ಆ ಗಡಿಗೆಯನ್ನೂ ಅವನೇ ಕೊಡುವವನು. ಮನೆಯಲ್ಲಿ ಬಸುರಿ ಇರುವಾಗ, ತನ್ನ ಕೈಯ ಗಡಿಗೆಗೆ, ಮಂತ್ರ ಹೇಳುತ್ತ ತೂತು! ಮೂರು ದಿನದ ಹಿಂದೆ ಸೋಮವ್ವ ಗುಡ್ಡ ಹತ್ತುತ್ತಿದ್ದುದನ್ನು ಕಣ್ಣಾರೆ ಕಂಡಿದ್ದ. ಒಂದಕ್ಕೊಂದು ತಾಳೆಯಾಗುತ್ತ ಹೋಯಿತು. ಅಜ್ಜನವರೆಂದು ನಂಬಿ ಇಷ್ಟು ವರ್ಷ ಕೈಮುಗಿದದ್ದೇ ಮೋಸವಾಯಿತೇ ಎಂದುಕೊಂಡ.

ಕೈಯ ಮಣ್ಣನ್ನೂ ತೊಳೆಯದೆ ಮಟಮಟ ಮಧ್ಯಾಹ್ನ ಗುಡ್ಡ ಹತ್ತಿದ. ನೇರವಾಗಿ ಹೋಗದೆ ಹಿಂದಿನ ಮೋಟುಗೋಡೆಯ ಮರೆಯಲ್ಲಿ ಕುಕ್ಕರಿಸಿ ಇಣುಕಿದ.

ಅಜ್ಜನವರು ಅಂಗಳದ ನೆರಳಿನಲ್ಲಿ ಕುಳಿತಿದ್ದರು. ನೀರಿನಲ್ಲಿ ನೆನೆಸಿದ ಗಡಿಗೆಯೊಂದು ಅವರ ಮುಂದೆ ಒದ್ದೆ ಉಸುಕಿನ ಮೇಲೆ ಬೋರಲಾಗಿತ್ತು. ಬಡಿಗನ ಹತ್ತಿರ ಕೇಳಿ ತಂದ ಬೈರಿಗೆಯನ್ನು ತಳದ ನಡುವೆ ಊರಿ, ಅವರು ಮೆಲ್ಲಗೆ ತಿರುವುತ್ತಿದ್ದರು. ಒಂದು ತಿರುವು, ಎರಡು ಹನಿ ನೀರು, ಮತ್ತೊಂದು ತಿರುವು. ಪ್ರತಿ ತಿರುವಿಗೂ ತುಟಿ ಅಲುಗುತ್ತಿತ್ತು. ದ್ಯಾವಪ್ಪ ಉಸಿರು ಹಿಡಿದು ಕಿವಿಗೊಟ್ಟ. ಕೇಳಿಸಿತು.

"ದ್ಯಾವಪ್ಪಾ... ದ್ಯಾವಪ್ಪಾ..."

ಮೈಯೆಲ್ಲ ಮುಳ್ಳೆದ್ದಿತು. ಗೋಡೆ ಹಾರಿ ಅಂಗಳಕ್ಕೆ ಬಂದು ನಿಂತ.

"ಏನ್ರೀ ಅಜ್ಜಾರ ಇದು? ನನ್ನ ಹೆಸರು ಹಿಡದು ಸುಡಗಾಡ ಗಡಿಗಿ ಮಾಡಾಕ ಹತ್ತೀರಲ್ಲ! ಮನ್ಯಾಗ ಸೊಸಿ ಬಸರದಾಳ. ಇದನ್ನ ಮಾಡಂತ ಯಾರು ಹೇಳ್ಯಾರ? ಆ ಸೋಮವ್ವ ಬಂದಿದ್ದಳಲ್ಲ, ಅಕಿನ ಏನು?"

ಅಜ್ಜನವರ ಮುಖದಲ್ಲಿ ಬೇಸರವಾಗಲಿ ಕೋಪವಾಗಲಿ ಸುಳಿಯಲಿಲ್ಲ. ಬೈರಿಗೆಯನ್ನು ಬದಿಗಿಟ್ಟು, ಗಡಿಗೆಯ ಮೈಯನ್ನು ಅಂಗೈಯಿಂದ ಸವರಿದರು.

"ತಮ್ಮಾ, ಇದರಾಗ ಒಂದು ಕೂದಲೆಳಿ ಬಿರುಕಿಲ್ಲ. ಇಂಥಾದ್ದನ್ನ ಕೊರೀಬೇಕಾದ್ರ ಮಾಡಿದಾಂವನ ಅಪ್ಪಣಿ ಬ್ಯಾಡೇನು? ನೀ ದೂರ ಇದ್ದಿ. ಅದಕ್ಕ ತಿರುವಿಗೊಮ್ಮೆ ಕೇಳಾಕ ಹತ್ತಿದ್ದೆ."

ಆದರೂ ದ್ಯಾವಪ್ಪನ ಸಂಶಯ ಬಿಟ್ಟುಹೋಗಲಿಲ್ಲ. "ಹಂಗಾದ್ರ ಕೊರಿಯೂದಾದ್ರೂ ಯಾಕ್ರಿ?" ಎಂದು ಬಿರುಸಾಗಿಯೇ ಕೇಳಿದ.

ಅಜ್ಜನವರು ಎದ್ದು ಅವನನ್ನು ಮೂಲೆಗೆ ಕರೆದೊಯ್ದರು. ಮೊದಲು ಸಸಿ ನೆಟ್ಟಿದ್ದ ನಾಲ್ಕು ಗಡಿಗೆಗಳು ಅಲ್ಲಿದ್ದವು. ಎಲೆಗಳು ಹಳದಿಗಟ್ಟಿ ಜೋತುಬಿದ್ದಿದ್ದವು. ಒಂದನ್ನು ಬಗ್ಗಿಸುವಂತೆ ಕೈಸನ್ನೆ ಮಾಡಿದರು. ದ್ಯಾವಪ್ಪ ಬಗ್ಗಿಸಿದ. ಕಪ್ಪು ನೀರು ಗಬ್ಬು ನಾತದೊಂದಿಗೆ ಹೊರಬಿತ್ತು. ಅದರ ಹಿಂದೆಯೇ ಸಸಿಯೂ ಜಾರಿ ಬಂತು. ಬೇರನ್ನು ಮುಟ್ಟಿದರೆ ಬೆಂದ ಸೊಪ್ಪಿನಂತೆ ಕೈಯಲ್ಲೇ ಕಳಚಿತು.

"ಇಷ್ಟು ನೀರು ಯಾರು ಹಾಕ್ಯಾರ್ರಿ?"

"ಬಂದ ಭಕ್ತರೆಲ್ಲ ಒಂದೊಂದು ತಂಬಿಗಿ ಹಾಕ್ಯಾರ. ಅದಕ್ಕ ಹೋಗಾಕ ಹಾದಿ ಇರಲಿಲ್ಲ."

ಬಳಿಕ ಅಜ್ಜನವರು ಮೆಲುದನಿಯಲ್ಲಿ ಕೇಳಿದರು:

"ನಿನ್ನ ಸೊಸಿ ಬಾಗಿಲಿನಿಂದ ಹೊರಗ ಬಂದು ಎಷ್ಟು ದಿನಾ ಆತು?"

ಇದನ್ನು ಇವರಿಗೆ ಹೇಳಿದವರು ಯಾರು ಎಂಬ ಯೋಚನೆ ದ್ಯಾವಪ್ಪನಿಗೆ ಮೊದಲು ಬಂತು. ತಿಪ್ಪವ್ವನೆ? ಮಗನೆ? ಹಾಗೆ ಒಬ್ಬೊಬ್ಬರನ್ನೇ ಎಣಿಸುತ್ತಿದ್ದವನಿಗೆ ನಡುವೆ ಸೊಸೆಯ ಮುಖ ಅಡ್ಡಬಂತು. ಬೆಳಗ್ಗೆ ಅಂಬಲಿ ಕೊಟ್ಟಾಗ ಅವಳು ತಲೆಯೆತ್ತಿರಲಿಲ್ಲ. ಕೆನ್ನೆ ಆ ಎಲೆಗಳಷ್ಟೇ ಹಳದಿಯಾಗಿತ್ತು. ಅವಳ ದನಿ ಕೇಳಿ ಎಷ್ಟು ದಿನವಾಯಿತೆಂದು ನೆನೆಸಿಕೊಂಡ, ಲೆಕ್ಕ ಸಿಗಲಿಲ್ಲ. ಅಲ್ಲೇ ಬಂಡೆಯ ಮೇಲೆ ಕೂತ.

ಅಜ್ಜನವರು ಬೈರಿಗೆಯನ್ನು ತಂದು ಅವನ ಕೈಗಿತ್ತರು. "ಉಳಿದದ್ದು ನಿನ್ನ ಕೈಲೇ ಆಗಲಿ."

ಸೋರದ ಗಡಿಗೆ ಮಾಡುವುದರಲ್ಲೇ ಆಯುಷ್ಯ ಕಳೆದವನು ಅಂದು ತನ್ನ ಗಡಿಗೆಗೆ ತಾನೇ ತೂತು ಕೊರೆದ. ಕಣ್ಣೀರು ತಳದ ಮೇಲೆ ಬೀಳುತ್ತಿದ್ದುದರಿಂದ ಬೇರೆ ನೀರು ಹನಿಸಬೇಕಾಗಲಿಲ್ಲ. ಮಣ್ಣು ಜಾರದಂತೆ ತೂತಿನ ಮೇಲೆ ಮಡಕೆಯ ಚೂರನ್ನು ಮುಚ್ಚಿ, ಮಣ್ಣು ತುಂಬಿ, ಹೊಸ ಸಸಿ ನೆಟ್ಟು, ಒಂದು ತಂಬಿಗೆ ನೀರು ಹಾಕಿದರು. ಬೇಕಾದಷ್ಟನ್ನು ಕುಡಿದ ಮಣ್ಣು ಉಳಿದದ್ದನ್ನು ಕೆಳಗೆ ಬಿಟ್ಟುಕೊಟ್ಟಿತು. ಬಂಡೆಯ ಮೇಲೆ ಹರಿದ ಆ ಸಣ್ಣ ಧಾರೆಯನ್ನು ದ್ಯಾವಪ್ಪ ಬಹಳ ಹೊತ್ತು ನೋಡಿದ.

ಮನೆಗೆ ಬಂದವನೇ ಎರಡೂ ಕದಗಳನ್ನು ಹಾರುಹೊಡೆದು ತೆರೆದ. ಹೊನ್ನವ್ವ ಗಾಬರಿಯಿಂದ ಗೋಡೆಗೊತ್ತಿ ನಿಂತಳು.

"ಯಾರು ಬಂದಾರ್ರಿ, ಮಾವ?"

"ಯಾರೂ ಬಂದಿಲ್ಲವ್ವ. ಹೊರಗ ಗಾಳಿ ಐತಿ. ಬಾ, ಕಟ್ಟಿ ಮ್ಯಾಲ ಕುಂದ್ರು."

ಅವಳು ನಂಬಲಿಲ್ಲ. ಅವನು ಹತ್ತು ಹೆಜ್ಜೆ ದೂರ ಸರಿದು ನಿಂತ ಮೇಲೆಯೇ ಹೊಸ್ತಿಲು ದಾಟಿದಳು.

ಅಲ್ಲಿಂದ ದ್ಯಾವಪ್ಪ ಹಿಂದಿನ ಓಣಿಗೆ ಹೋದ. ಸೋಮವ್ವ ಕದವನ್ನು ಬೆರಳಷ್ಟೇ ತೆರೆದಳು.

"ಈಗ ಏನು ಹೊರಸಾಕ ಬಂದಿ? ಅವತ್ತು ನೀ ನೋಡಿದಾಗ ನಾ ಗುಡ್ಡಕ್ಕ ಹೋಗಿದ್ದು ನಿನ್ನ ಸೊಸಿ ಸಲುವಾಗಿ ಹರಕಿ ಹೊರಾಕ. ಅದೂ ತಪ್ಪೇನು?"

ಆ ಮಾತು ಕೇಳಿ ದ್ಯಾವಪ್ಪ ಹೊಸ್ತಿಲಿಗೆ ಹಣೆ ಹಚ್ಚಿದ.

"ತಪ್ಪಾತು ಅತ್ತಿಗೆವ್ವ. ಬರೂ ಸೋಮವಾರ ಹೊನ್ನಿಗೆ ಕುಬಸ ಮಾಡತೀನಿ. ಮೊದಲಿನ ಉಡಿ ನೀನ ತುಂಬಬೇಕು."

"ನಾನಾ? ಮಕ್ಕಳಿಲ್ಲದಾಕಿ, ಗಂಡ ಸತ್ತಾಕಿ. ಜನ ಏನಂದಾರು?"

"ಅನ್ನೂದನ್ನೆಲ್ಲ ಇಷ್ಟು ದಿನಾ ನಾನ ಅಂದೀನಿ. ಇನ್ನ ಯಾರು ಅಂತಾರ?"

ಸೋಮವಾರ ಸೀಮಂತದ ಕುಬಸಕ್ಕೆ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಸೋಮವ್ವ ಒಳಗೆ ಬಂದಾಗ ಸೋಬಾನದ ಹಾಡು ಅರ್ಧಕ್ಕೇ ನಿಂತಿತು. ಎಲ್ಲರೂ ದ್ಯಾವಪ್ಪನ ಕಡೆ ನೋಡಿದರು. ಅವನು ಅಕ್ಕಿಯ ಮೊರವನ್ನು ತಾನೇ ಎತ್ತಿ ಅತ್ತಿಗೆಯ ಮುಂದೆ ಹಿಡಿದು ನಿಂತ. ಆಕೆಯ ಬೊಗಸೆಯಿಂದ ಅಕ್ಕಿ ಅರ್ಧ ಉಡಿಗೆ ಬಿತ್ತು, ಅರ್ಧ ನೆಲಕ್ಕೆ ಬಿತ್ತು. ಹೊನ್ನವ್ವ ಆ ಎರಡು ಕೈಗಳನ್ನೂ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿನ ಕೂಸು ಒದೆಯಿತು.

"ಅಯ್ಯ ಶಿವನೆ!" ಎಂದು ಸೋಮವ್ವ ನಕ್ಕುಬಿಟ್ಟಳು. ನಿಂತಿದ್ದ ಹಾಡನ್ನು ಯಾರೋ ಮತ್ತೆ ಎತ್ತಿಕೊಂಡರು.