ಹಿಪ್ಪಲಿ ಬೇರಿನ ಖಾನೆ

“ಬುದ್ಧಿ, ತುಂಬಿದ ಪೆಟ್ಟಿಗೆಯಿಂದ ಯಾವುದನ್ನು ತೆಗೆಯಬೇಕು?” ಎಂದು ಶಂಭುಲಿಂಗ ಗುರುಗಳನ್ನು ಕೇಳಿದ.

ಮಠದ ಶಾಲೆಯ ಕಂಪ್ಯೂಟರುಗಳ ಉಸ್ತುವಾರಿ ಅವನದು. ಮಕ್ಕಳು ನೋಡುವ ಇಂಟರ್ನೆಟ್ ಪುಟಗಳ ಪ್ರತಿಯನ್ನು ಪ್ರಾಕ್ಸಿ ಸರ್ವರ್ ಎಂಬ ಪೆಟ್ಟಿಗೆ ಹತ್ತಿರವೇ ಇಟ್ಟುಕೊಳ್ಳುತ್ತಿತ್ತು. ಅದು ತುಂಬಿದಾಗ, ಬಹಳ ಹೊತ್ತಿನಿಂದ ಯಾರೂ ಕೇಳದ ಪುಟವನ್ನು ಅಳಿಸುವಂತೆ ಅವನು ಏರ್ಪಾಡು ಮಾಡಿದ್ದ. ಆದರೂ ಪಾಠದ ಪುಟಗಳೇ ಮಾಯವಾಗಿ, ಅವು ದೂರದಿಂದ ಮತ್ತೆ ಬರುವವರೆಗೆ ಮಕ್ಕಳು ಕೈಕಟ್ಟಿ ಕೂರಬೇಕಾಗುತ್ತಿತ್ತು.

ಗುರುಗಳು ನಕ್ಕು ಹೇಳಿದರು:

ಒಬ್ಬ ವ್ಯಾಪಾರಿ ಔಷಧಿಯ ಬೇರು-ನಾರು ಮಾರುವ ಗ್ರಂಧಿಗೆ ಅಂಗಡಿ ಇಟ್ಟಿದ್ದ. ಅಂಗಡಿಯಲ್ಲಿ ಅರವತ್ತು ಖಾನೆ. ಉಳಿದ ಸರಕೆಲ್ಲ ಹೊಳೆಯಾಚೆಯ ಉಗ್ರಾಣದಲ್ಲಿ. ಖಾನೆಗಳನ್ನು ಮರ ಕವಲೊಡೆದ ಹಾಗೆ ಜೋಡಿಸಿದ್ದ. ಬೇರೋ, ತೊಗಟೆಯೋ, ಬೀಜವೋ? ಬೇರಾದರೆ ಖಾರವೋ, ಕಹಿಯೋ? ಮೂರು ಪ್ರಶ್ನೆ ಮುಗಿಯುವುದರೊಳಗೆ ಕೈ ಸರಿಯಾದ ಖಾನೆಯ ಮೇಲಿರುತ್ತಿತ್ತು. ಅದರ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು. ಹೊಸ ಸರಕಿಗೆ ಜಾಗ ಬೇಕಾದಾಗ, ಬಹಳ ದಿನದಿಂದ ಯಾರೂ ಕೇಳದ ಸರಕನ್ನು ದೋಣಿಯಲ್ಲಿ ಆಚೆಗೆ ಕಳಿಸುತ್ತಿದ್ದ.

ಒಂದು ದಿನ ಪರವೂರಿನ ಪಂಡಿತನೊಬ್ಬ ಬಂದ. ಶಿಷ್ಯರಿಗೆ ತೋರಿಸಲು ಅಪರೂಪದ ಅರವತ್ತು ಮೂಲಿಕೆ ಕೇಳಿದ, ಒಂದೊಂದು ತುಂಡು ಸಾಕೆಂದ. ವ್ಯಾಪಾರಿ ಹುರುಪಿನಿಂದ ಎಲ್ಲವನ್ನೂ ತರಿಸಿ ಖಾನೆಗಳಲ್ಲಿಟ್ಟ. ಸಂಜೆಯ ಹೊತ್ತಿಗೆ ಹಳೆಯ ಸರಕೆಲ್ಲ ಹೊಳೆಯಾಚೆ ಸೇರಿತ್ತು.

ಮರುದಿನ ಬೆಳಿಗ್ಗೆ ಸೂಲಗಿತ್ತಿ ಓಡಿ ಬಂದಳು. “ಶೆಟ್ರೇ, ಬಾಣಂತಿ ಚಳಿಗೆ ನಡುಗ್ತಾ ಅವ್ಳೆ. ಹಿಪ್ಪಲಿ ಬೇರು ಕೊಡಿ, ಬೇಗ!”

ವಾರಕ್ಕೆ ಮೂರು ಸಲ ಅವಳು ಒಯ್ಯುತ್ತಿದ್ದ ಬೇರು ಅದು. ವ್ಯಾಪಾರಿ ಕ್ಷಣದಲ್ಲಿ ಖಾನೆ ಎಳೆದ. ಒಳಗೆ ಪಂಡಿತ ಕೇಳಿದ್ದ ಯಾವುದೋ ಬೇರಿತ್ತು. ತಾನೇ ದೋಣಿ ಹತ್ತಿ ಹುಟ್ಟು ಹಾಕಿದ. ಬೇರು ಬಂತು, ಕಷಾಯ ಕುದಿಯಿತು. ಮಧ್ಯಾಹ್ನದ ಹೊತ್ತಿಗೆ ಬಾಣಂತಿಯ ನಡುಕ ನಿಂತು, ಅವಳು ಮಗುವನ್ನು ಎತ್ತಿಕೊಂಡಳು.

ಸೂಲಗಿತ್ತಿಗೆ ಆಗ ಬೈಯಲು ಪುರುಸೊತ್ತು ಸಿಕ್ಕಿತು. “ಅಲ್ಲಾ ಶೆಟ್ರೇ, ಒಂದಿನ ಬಂದು ಹೋಗೋನಿಗೆ ಅಂಗಡಿ ಎಲ್ಲಾ ಬಿಟ್ಕೊಟ್ರಿ. ವಾರವಾರ ಬರೋ ನಾನು ಹೊಳೆ ಈಜ್ಬೇಕಾ?”

ವ್ಯಾಪಾರಿ ನಾಚಿ ನಕ್ಕ. ಅಂದಿನಿಂದ ಹೊಸ ಸರಕಿಗೆ ಬಾಗಿಲ ಬಳಿ ಹತ್ತೇ ಖಾನೆ ಕೊಟ್ಟ. ಎರಡನೆಯ ಸಲ ಯಾರಾದರೂ ಕೇಳಿದರೆ ಮಾತ್ರ ಅದಕ್ಕೆ ಒಳಗಿನ ಐವತ್ತರಲ್ಲಿ ಜಾಗ.

ಶಂಭುಲಿಂಗ ಹಿಗ್ಗಿ ಎದ್ದ. “ತಿಳೀತು ಬುದ್ಧಿ. ಪೆಟ್ಟಿಗೇನ ಇವತ್ತೇ ಹಾಗೆ ಬದಲಾಯಿಸ್ತೀನಿ.”

ಗುರುಗಳು ಅವನ ಮುಖ ನೋಡಿದರು. “ಆಗಲಿ, ಆದರೆ ಮೂರು ವರ್ಷದ ಹಿಂದೆ ನೀನು ಒಂದೇ ಒಂದು ಪ್ರಶ್ನೆ ಹೊತ್ತು ಈ ಮಠಕ್ಕೆ ಬಂದೆಯಲ್ಲ, ಈ ಪೆಟ್ಟಿಗೆಗಳ ಗಡಿಬಿಡಿಯಲ್ಲಿ ಅದು ಈಗ ಹೊಳೆಯ ಯಾವ ದಡದಲ್ಲಿದೆ?”

ಹೊರಡಲು ಎದ್ದಿದ್ದ ಶಂಭುಲಿಂಗ ಮತ್ತೆ ಗುರುಗಳ ಎದುರು ಕುಳಿತ.