ನೀರು ಕದ್ದ ಹೊಲ

ಗುಡ್ಡದ ಇಳಿಜಾರಿನಲ್ಲಿ ಪ್ರಾಣಿಗಳ ಹೊಲಗಳು, ಗುಡ್ಡದ ಬುಡದಲ್ಲಿ ಒಂದು ಒರತೆ. ಅಂಥ ಒಂದು ಜಾಗ ಇತ್ತು ಅಂದುಕೊಳ್ಳಿ ಮಕ್ಕಳೇ. ನೆಲದೊಳಗಿಂದ ಜಿನುಗುವ ಆ ನೀರನ್ನೇ ಎಲ್ಲರೂ ಕುಡಿಯಬೇಕು. ಒರತೆಯ ಹೊಂಡದಲ್ಲಿ ಒಂದು ತಾಯಿಮೀನು ಮರಿಗಳನ್ನು ಸಾಕಿಕೊಂಡಿತ್ತು.

ಒಂದು ಬೇಸಿಗೆಯಲ್ಲಿ ಒರತೆ ಇಳಿಯತೊಡಗಿತು. ಉಳಿದವರಿಗೆ ಕಾಲಿತ್ತು, ದೂರ ನಡೆದು ಹೋಗಿ ಬೇರೆ ಕಡೆ ಕುಡಿದಾರು. ಮೀನು ಎಲ್ಲಿಗೆ ಹೋದೀತು? ಮಳೆಗಾಲ ಬಂದಾಗ ಯಾರದಾದರೂ ಹೊಲದಲ್ಲಿ ನೀರು ತಡೆದು ನೆಲಕ್ಕೆ ಇಂಗಿಸಿ, ಒರತೆ ತುಂಬಿ ನನ್ನ ಮಕ್ಕಳು ಬದುಕಲಿ ಎಂದು ಯಜಮಾನ ಕೋಣನನ್ನು ಬೇಡಿಕೊಂಡಿತು.

ಕೋಣ ಯಜಮಾನನಾದದ್ದು ಬಹಳ ನ್ಯಾಯವಾಗಿಯೇ. ಪಂಚಾಯಿತಿ ಕಟ್ಟೆಯ ಮೇಲೆ ಒಂದು ದಿನ ಮಲಗಿತು, ಎಬ್ಬಿಸಲು ಯಾರಿಂದಲೂ ಆಗಲಿಲ್ಲ.

ಯಾವ ಹೊಲ ಸರಿ ಎಂದು ಪರೀಕ್ಷೆ ಮಾಡೋಣ ಎಂದಿತು ಕೋಣ. ಹೊಲಕ್ಕೊಂದು ಗುಂಡಿ, ಗುಂಡಿಗೊಂದು ಕೊಡ ನೀರು. ಮುಳ್ಳುಹಂದಿ ಗುಂಡಿ ತೋಡಿತು. ನೀರು ಎಲ್ಲಿಂದ ತಂದರು ಅಂತೀರಿ? ಅದೇ ಒರತೆಯಿಂದ. ನೀರು ಉಳಿಸುವ ಕೆಲಸಕ್ಕೆ ಇದ್ದ ನೀರನ್ನೂ ಹೊತ್ತುಕೊಂಡು ಹೋಗುತ್ತಿದ್ದರೆ ಮೀನು ಬಾಯಿ ಬಿಟ್ಟುಕೊಂಡು ನೋಡುತ್ತಿತ್ತು.

ಮೊದಲು ಕೋಣನ ಹೊಲ. ಅದು ಅಂಟಂಟು ಎರೆಮಣ್ಣು. ಹುಯ್ದ ನೀರು ಹುಯ್ದ ಹಾಗೇ ನಿಂತಿತು. ಕೋಣ ಬಗ್ಗಿ ನೋಡಿತು. ಗುಂಡಿಯಲ್ಲಿ ತನ್ನ ಮುಖವೇ ಕಾಣಿಸಿತು, ಅದಕ್ಕೆ ಬಹಳ ಹಿಡಿಸಿತು.

ಆಮೇಲೆ ಮೊಲದ ಹೊಲ. ಹುರುಳಿ ಬಿಟ್ಟು ಇನ್ನೇನೂ ಬೆಳೆಯದ, ಬರೀ ಕಲ್ಲುಹರಳಿನ ಗರಸು ಮಣ್ಣು. ನೀರು ಹುಯ್ದು ಕೊಡ ಕೆಳಗಿಡುವಷ್ಟರಲ್ಲಿ ಗುಂಡಿ ಖಾಲಿ.

"ಏನೋ ಮೊಲಪ್ಪ, ನಿನ್ನ ಹೊಲಕ್ಕೆ ಕಳ್ಳತನ ಕಲಿಸಿದವರು ಯಾರೋ?" ಎಂದಿತು ಕೋಣ.

ಮೊಲ ಕಿವಿ ಇಳಿಬಿಟ್ಟಿತು. "ಅದು ಮೊದಲಿಂದಲೂ ಹೀಗೇ ಯಜಮಾನರೇ. ಎಷ್ಟು ಹುಯ್ದರೂ ಕುಡೀತದೆ."

ಸದಾ ಕೋಣನ ಹಿಂದೆಯೇ ಸುತ್ತುತ್ತಿದ್ದ ನರಿಗೆ ಇಷ್ಟು ಸಾಕಾಯಿತು. ಇಟ್ಟ ನೀರನ್ನು ಹಾಗೇ ಕಾಯ್ದುಕೊಂಡ ಹೊಲ ಎಲ್ಲಿ, ಕಣ್ಣೆದುರೇ ನುಂಗಿದ ಹೊಲ ಎಲ್ಲಿ ಎಂದು ಕೋಣನ ಕಡೆ ನೋಡುತ್ತಾ ತಲೆದೂಗಿತು. ಒರತೆಯ ದಂಡೆಯಲ್ಲಿದ್ದ ಒಂದು ಕಪ್ಪೆ ಹೋಗಿ ಮೀನಿಗೆ ಸುದ್ದಿ ಮುಟ್ಟಿಸಿತು. ಮೀನು ಕೇಳಿದ್ದು ಒಂದೇ ಮಾತು: "ನುಂಗಿದ ನೀರು ಎಲ್ಲಿಗೆ ಹೋಯಿತು ಅಂತ ಯಾರಾದರೂ ವಿಚಾರಿಸಿದರಾ ಕಪ್ಪಣ್ಣ?"

ಕಪ್ಪೆ ಮೀನಿನ ಆ ಮಾತನ್ನೇ ಕಟ್ಟೆಯ ಹತ್ತಿರ ಬಂದು ಕೇಳಿತು. ನರಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನೆಲವನ್ನೇ ಮೆಟ್ಟದವಳು ನೆಲದ ವಿಚಾರ ಹೇಳಿಕೊಡುತ್ತಾಳಂತೆ! ಕೋಣ ತೀರ್ಪು ಕೊಟ್ಟಿತು: ಕಾಲುವೆ ತೋಡಿ ಗುಡ್ಡದ ನೀರನ್ನೆಲ್ಲ ತನ್ನ ಹೊಲಕ್ಕೇ ಹರಿಸಬೇಕು. ಊರಿಗಾಗಿ ಪಾಪ, ಅಷ್ಟು ತ್ಯಾಗ ಮಾಡಿತು.

ಮಳೆ ಬಂತು. ಕಾಲುವೆ ತುಂಬ ನೀರು ಹರಿದು ಕೋಣನ ಹೊಲ ಕೆರೆಯಾಯಿತು. ಕೋಣ ಅದರಲ್ಲಿ ಮಲಗಿ ಊರಿನ ನೀರನ್ನು ಕಾಯಿತು. ನರಿ ದಿನಾ ದಂಡೆಗೆ ಬಂದು, ಎಂಥ ಕೆರೆ, ಎಂಥ ನೋಟ ಎಂದು ಹೊಗಳಿ ಹೋಗುತ್ತಿತ್ತು. ಮಳೆ ಜೋರಾಗಿ ನೀರು ಮೂಗಿನವರೆಗೆ ಬಂದಾಗ ಮಾತ್ರ ಕೋಣನಿಗೆ ಸಿಟ್ಟು ಬಂತು. ಬದುವಿಗೆ ಒಂದು ಗುದ್ದು ಕೊಟ್ಟು, "ಹೆಚ್ಚಾದದ್ದು ಕೆಳಗಿನ ಆ ಕಳ್ಳ ಹೊಲಕ್ಕೆ ಹೋಗಿ ಬೀಳಲಿ" ಎಂದಿತು. ಅಲ್ಲಿಂದ ಮಳೆಗಾಲ ಮುಗಿಯುವವರೆಗೂ ಬೇಡವಾದ ನೀರೆಲ್ಲ ಮೊಲದ ಹೊಲಕ್ಕೆ. ಆ ಹೊಲ ಎಷ್ಟು ಬಂದರೂ ಸಾಕು ಅನ್ನಲಿಲ್ಲ.

ಬೇಸಿಗೆ ಮತ್ತೆ ಬಂತು. ಕೋಣನ ಕೆರೆಯ ನೀರು ಕೆಳಗೆ ಒಂದು ಹನಿಯೂ ಇಳಿದಿರಲಿಲ್ಲ, ಮೇಲಿನ ಬಿಸಿಲು ಎಲ್ಲವನ್ನೂ ಕುಡಿದು ಹೋಯಿತು. ಕೆರೆ ಬಿರುಕು ಬಿಟ್ಟಿತು, ಕೋಣನ ಬೆನ್ನಿನ ಮೇಲಿನ ಕೆಸರೂ ಬಿರುಕು ಬಿಟ್ಟಿತು. ಗಂಟಲು ಒಣಗಿ ಗುಡ್ಡ ಇಳಿದು ಬಂದರೆ ಒರತೆ ಅಂಚಿನವರೆಗೆ ತುಂಬಿ ನಿಂತಿದೆ. ಮೀನುಮರಿಗಳು ಒಂದನ್ನೊಂದು ಅಟ್ಟಿಸಿಕೊಂಡು ಆಡುತ್ತಿವೆ. ಕೋಣ ಬಾಯಿ ಹಾಕಿತು.

"ಸ್ವಲ್ಪ ತಡೆಯಿರಿ ಯಜಮಾನರೇ," ಎಂದಿತು ತಾಯಿಮೀನು. "ಇದು ಮೊಲಪ್ಪನ ಹೊಲ ಕದ್ದ ನೀರು. ನುಂಗಿದ್ದನ್ನೆಲ್ಲ ನೆಲದೊಳಗೇ ಸಾಗಿಸಿ ಇಲ್ಲಿ ತಂದಿಟ್ಟಿದೆ. ನಿಮ್ಮಂಥ ಮರ್ಯಾದಸ್ಥರು ಕಳ್ಳಮಾಲು ಕುಡಿಯಬಹುದೋ ಬಾರದೋ, ನೀವೇ ತೀರ್ಪು ಕೊಟ್ಟುಬಿಡಿ."

ಕೋಣ ನರಿಗಾಗಿ ಅತ್ತಿತ್ತ ನೋಡಿತು. ನರಿ ಆಗಲೇ ಆಚೆ ದಂಡೆಯಲ್ಲಿ ಹೊಟ್ಟೆ ತುಂಬ ಕುಡಿದು, ಎಂಥ ಹೊಲ, ಎಂಥ ಮಣ್ಣು ಎಂದು ಮೊಲವನ್ನು ಹೊಗಳುತ್ತಿತ್ತು.

ಕೋಣ ತಲೆ ತಗ್ಗಿಸಿ ಕುಡಿಯಿತು. ಮುಂದಿನ ಮಳೆಗೆ ಮೊದಲೇ ಕಾಲುವೆಯ ಬಾಯಿ ಮೊಲದ ಹೊಲದ ಕಡೆ ತಿರುಗಿತ್ತು. ಅಗೆದದ್ದು ಯಾರು ಅಂತ ಯಾರೂ ಹೇಳಲಿಲ್ಲ. ಕೋಣನ ಕೊಂಬಿಗೆ ಮಾತ್ರ ಮಣ್ಣು ಮೆತ್ತಿಕೊಂಡಿತ್ತು.

ನೀತಿ: ಊರಿನ ಒಳಿತನ್ನು ತನ್ನ ಸುಖದಿಂದ ಅಳೆಯುವವನ ಕಣ್ಣಿಗೆ, ಊರನ್ನು ಉಳಿಸುವವನೇ ಕಳ್ಳನಂತೆ ಕಾಣುತ್ತಾನೆ.