ನಿಂಬೆವ್ವ ತಾಯಿಯವರು ಹೇಳದ ಮಾತು

ಹುಬ್ಬಳ್ಳಿಯಲ್ಲಿ ಹತ್ತಿ ಗಿರಣಿಗಳು ಎಡೆಬಿಡದೆ ನಡೆಯುತ್ತಿದ್ದ ಕಾಲ. ಗಿರಣಿಯ ಹಿಂದಿನ ಸುಣ್ಣದಭಟ್ಟಿ ಓಣಿಯಲ್ಲಿ, ತಗಡು ಹೊದಿಸಿದ ಒಂದೇ ಕೋಣೆಯ ಮನೆಯಲ್ಲಿ ಪೂಜ್ಯ ನಿಂಬೆವ್ವ ತಾಯಿಯವರು ವಾಸವಾಗಿದ್ದರು. ಓಣಿ ಎಂದರೆ ಎಂಥ ಓಣಿ! ಒಂದು ಕಡೆಯಿಂದ ಭಟ್ಟಿಯ ಸುಣ್ಣದ ಧೂಳು, ಇನ್ನೊಂದು ಕಡೆಯಿಂದ ಗಿರಣಿಯ ಹತ್ತಿಯ ಎಳೆ. ಬೆಳಿಗ್ಗೆ ಒಣಹಾಕಿದ ಸೀರೆ ಯಾವ ಬಣ್ಣದ್ದೆಂದು ಸಂಜೆಗೆ ಗುರುತು ಸಿಗುತ್ತಿರಲಿಲ್ಲ. ಇದ್ದ ಒಂದೇ ನಲ್ಲಿಯ ಮುಂದೆ ಇಡೀ ಓಣಿ ಕೊಡ ಹಿಡಿದು ಜಗಳಕ್ಕೆ ನಿಲ್ಲುತ್ತಿತ್ತು. ಅಂಥಲ್ಲಿ ತಾಯಿಯವರು ಮಠ ಕಟ್ಟಲಿಲ್ಲ, ಗದ್ದುಗೆ ಏರಲಿಲ್ಲ, ಯಾರಿಗೂ ದೀಕ್ಷೆ ಕೊಡಲಿಲ್ಲ. ಅವರು ಆ ಓಣಿಯ ಸೂಲಗಿತ್ತಿಯಾಗಿದ್ದರು.

ನಸುಕಿನಲ್ಲಿ ಶಿವಪೂಜೆ, ಆಮೇಲೆ ಒಲೆಯ ಮೇಲೆ ನೀರಿನ ಹಂಡೆ. ಆ ಒಲೆಯ ಮೇಲೆ ಅನ್ನ ಬೇಯದ ದಿನಗಳಿದ್ದವು, ನೀರು ಕಾಯದ ದಿನವಿರಲಿಲ್ಲ. ಯಾರ ಮನೆಯಿಂದ ಯಾವಾಗ ಕರೆ ಬರುವುದೋ ಯಾರಿಗೆ ಗೊತ್ತು! ಹಳೆಯ ಧೋತರದ ತುಂಡುಗಳನ್ನು ಕುದಿಸಿ, ಬಿಸಿಲಿಗೆ ಒಣಗಿಸಿ, ಮಡಚಿ ಇಟ್ಟುಕೊಳ್ಳುತ್ತಿದ್ದರು. ಪಕ್ಕದಲ್ಲಿ ಔಡಲೆಣ್ಣೆಯ ಕುಡಿಕೆ. ಅವರ ಆಸ್ತಿ ಇಷ್ಟೇ. ಹೆರಿಗೆಯ ಕೋಣೆಗೆ ಹೋಗುವಾಗ ಹೊಸ್ತಿಲಿಗೆ ಹಣೆ ಮುಟ್ಟಿಸದೆ ಒಳಗೆ ಕಾಲಿಡುತ್ತಿರಲಿಲ್ಲ. ಒಮ್ಮೆ ಪೇಟೆಯ ಭಕ್ತರೊಬ್ಬರು, ಹಡೆದ ಮನೆಯಿಂದ ಬಂದರೆ ಮೈಲಿಗೆಯಲ್ಲವೇ, ಇನ್ನು ಪೂಜೆ ಹೇಗೆ ಎಂದು ಕೇಳಿದರಂತೆ. ತಾಯಿಯವರು "ಅಲ್ಲೆ ಪೂಜಿ ಮುಗಿಸಿಕೊಂಡ ಬಂದೇನ್ರಿ" ಎಂದು ಹೇಳಿ ಕಾಲು ತೊಳೆದುಕೊಂಡರಂತೆ.

ಅವರ ಕೈಕೆಳಗೆ ಓಣಿಯ ಹಲವು ಹೆಣ್ಣುಮಕ್ಕಳು ಈ ವಿದ್ಯೆ ಕಲಿತರು. ಅವರಲ್ಲಿ ಮೊದಲಿಗರು ಮಾಬೂಬಿಯವರು. ಅವರ ಗಂಡ ಸ್ಟೇಶನ್ನಿನ ಮುಂದೆ ಟಾಂಗಾ ಹೊಡೆಯುತ್ತಿದ್ದ. ತಾಯಿಯವರು ಎಲ್ಲಿ ಹೋದರೂ ಜೊತೆಗೆ ಮಾಬೂಬಿಯವರು ಇರಲೇಬೇಕು. ಈಗ ಹೇಳಲಿರುವ ಪ್ರಸಂಗವನ್ನು ನಮ್ಮ ಹಿರಿಯರು ಕೇಳಿದ್ದೂ ಆ ಪುಣ್ಯವಂತೆಯ ಬಾಯಿಂದಲೇ. ನೀರಿನ ಮೇಲೆ ನಡೆದದ್ದು, ಬೂದಿ ಮುಟ್ಟಿದರೆ ಬಂಗಾರವಾದದ್ದು, ಇಂಥವನ್ನು ಹುಡುಕಿಕೊಂಡು ಬಂದ ಓದುಗರಿಗೆ ಇದು ಸಪ್ಪೆ ಎನಿಸಬಹುದು. ಎನಿಸಲಿ. ನಮಗೆ ಇದಕ್ಕಿಂತ ದೊಡ್ಡ ಪವಾಡ ಗೊತ್ತಿಲ್ಲ.

ತಾಯಿಯವರಿಗೆ ಒಂದು ಕಟ್ಟುನಿಟ್ಟಾದ ನೇಮವಿತ್ತು. ಕೂಸು ಹುಟ್ಟಿದ ಕೂಡಲೇ ಮಾಬೂಬಿಯವರು ಅದನ್ನು ಕೊರಳಿನಿಂದ ಕಾಲಿನವರೆಗೆ ಬಟ್ಟೆಯಲ್ಲಿ ಸುತ್ತಿಬಿಡಬೇಕು. ಕೂಸಿನ ಹಿಂದಿನಿಂದ ಗರ್ಭದೊಳಗಿನ ಮಾಸು ಬೀಳುವವರೆಗೆ, ಅದು ಗಂಡೋ ಹೆಣ್ಣೋ ಎಂಬ ಮಾತು ಯಾರ ಬಾಯಿಂದಲೂ ಹೊರಡಕೂಡದು. ಹಡೆದವಳಿಗೂ ಹೇಳಕೂಡದು. ಹಿಂದೊಮ್ಮೆ ಅದೇ ಓಣಿಯಲ್ಲಿ ಕೂಸು ಹೊರಬಂದೊಡನೆ ಯಾರೋ "ಮತ್ತ ಹೆಣ್ಣು!" ಎಂದು ಕೂಗಿದ್ದರು. ಹಡೆದವಳು ಗೋಡೆಯ ಕಡೆ ಮುಖ ತಿರುಗಿಸಿ ಕೈಕಾಲು ಚೆಲ್ಲಿಬಿಟ್ಟಳು. ತಿಣುಕು ಎಂದರೆ ತಿಣುಕಲಿಲ್ಲ. ಮಾಸು ಒಳಗೇ ಉಳಿಯಿತು, ರಕ್ತ ನಿಲ್ಲಲಿಲ್ಲ, ಜೀವ ಹೋಯಿತು. ಆಕೆಯ ಮೈ ತೊಳೆದು ಕಳಿಸಿಕೊಟ್ಟವರು ತಾಯಿಯವರೇ. ಅಂದಿನಿಂದ ಈ ನೇಮ.

ಓಣಿಯಲ್ಲಿ ಇದನ್ನು ಒಪ್ಪದವರೂ ಇದ್ದರು. ಕೊನೆಯ ಮನೆಯ ಫಕ್ಕೀರವ್ವ ಅವರಲ್ಲಿ ಮುಂದಾಳು. ಗಂಡ ಸತ್ತ ಮೇಲೆ ಗಿರಣಿಯಲ್ಲಿ ಹತ್ತಿ ಆರಿಸಿ ಒಬ್ಬನೇ ಮಗ ದುರಗಪ್ಪನನ್ನು ಬೆಳೆಸಿದ ಗಟ್ಟಿಗಿತ್ತಿ. ಬಾಯಿ ಜೋರು, ಹಟ ಅದಕ್ಕಿಂತ ಜೋರು. ಸೊಸೆ ಸಾವಂತ್ರಿ ಮೂರು ಹೆಣ್ಣು ಹಡೆದಿದ್ದಳು. ಮತ್ತೆ ಬಸಿರಾದಾಗ ಫಕ್ಕೀರವ್ವ ಎಲ್ಲರೆದುರು ಹೇಳಿಬಿಟ್ಟಳು: ಈ ಸಲವೂ ಹೆಣ್ಣಾದರೆ ಸೊಸೆಯನ್ನು ತವರಿಗೆ ಅಟ್ಟಿ ಮಗನಿಗೆ ಬೇರೆ ಮದುವೆ ಮಾಡುತ್ತೇನೆ. ಬರೀ ಬಾಯಿಮಾತಲ್ಲ, ಕುಂದಗೋಳದ ಕಡೆಯ ಒಂದು ಹುಡುಗಿಯನ್ನು ನೋಡಿಯೂ ಇಟ್ಟಿದ್ದಳು. ಸಾವಂತ್ರಿಗೆ ತವರೆಂದರೆ ಅಪ್ಪ ಅವ್ವ ಇಬ್ಬರೂ ಇಲ್ಲದ ಅಣ್ಣನ ಮನೆ. ಅಲ್ಲಿ ಒಂದು ಹೊತ್ತಿನ ಊಟಕ್ಕೂ ಅತ್ತಿಗೆಯ ಮುಖ ನೋಡಬೇಕು. ಇನ್ನು ದುರಗಪ್ಪನೋ, ಅವ್ವನ ಮಾತಿಗೆ ಹೂಂ ಅನ್ನುವುದನ್ನು ಬಿಟ್ಟು ಬೇರೇನೂ ಕಲಿತವನಲ್ಲ. ಗಿರಣಿಯಲ್ಲಿ ದೊಡ್ಡ ದೊಡ್ಡ ಹತ್ತಿ ಅಂಡಿಗೆ ಹೊರುತ್ತಿದ್ದ ಆ ಆಳಿಗೆ ಅವ್ವನೆದುರು ತಲೆ ಎತ್ತುವ ಶಕ್ತಿ ಇರಲಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಸಾವಂತ್ರಿಗೆ ಬೇನೆ ಎದ್ದಿತು. ದುರಗಪ್ಪ ಗಿರಣಿಯಲ್ಲಿದ್ದ. ಮಕ್ಕಳನ್ನು ಪಕ್ಕದ ಮನೆಗೆ ಕಳಿಸಿದ್ದರು. ಕುಂದಗೋಳದ ಹುಡುಗಿಯ ಸೋದರಮಾವ ಅಂದೇ ಬಂದು ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ದಿನ ತುಂಬಿದೆಯೆಂದು ಫಕ್ಕೀರವ್ವನೇ ಹೇಳಿಕಳಿಸಿದ್ದಳು. ಹೌದು, ಅಲ್ಲ ಎರಡರಲ್ಲೊಂದು ತಿಳಿದುಕೊಂಡು ಹೋಗಬೇಕೆಂದು ಅವನು ತಂಬಾಕು ಅಗಿಯುತ್ತ ಕಾಯುತ್ತಿದ್ದ. ತಾಯಿಯವರು ಮಾಬೂಬಿಯವರೊಂದಿಗೆ ಬಂದಾಗ ಫಕ್ಕೀರವ್ವ ಬಾಗಿಲಿಗೇ ಅಡ್ಡ ನಿಂತಳು.

"ನೋಡ್ರಿ ನಿಂಬೆವ್ವಾರ, ನಿಮ್ಮ ಆಟ ನನ್ನ ಮುಂದ ನಡೆಂಗಿಲ್ಲ. ಕೂಸು ಬಿದ್ದ ಕೂಡ್ಲೆ ನನಗ ಹೇಳಬೇಕು. ಹೊರಗ ಮಂದಿ ಕುಂತಾರ."

ತಾಯಿಯವರು ಬಗ್ಗಿ ಹೊಸ್ತಿಲಿಗೆ ಹಣೆ ಮುಟ್ಟಿಸಿ ಎದ್ದರು. "ಹೇಳ್ತೇನವ್ವಾ, ಮಾಸು ಬಿದ್ದ ಮ್ಯಾಲೆ" ಎಂದು ಒಳಗೆ ನಡೆದರು.

"ಇದೆಲ್ಲಾ ಸೀರಿ ಕುಬಸ ಕಸಗೊಳ್ಳೋ ಹಂಚಿಕಿ" ಎಂದು ಫಕ್ಕೀರವ್ವ ಕಟ್ಟೆಯ ಮೇಲಿದ್ದವನಿಗೆ ಕೇಳುವಂತೆ ಗೊಣಗಿದಳು. ಕೂಸಿನ ಸುದ್ದಿ ಹೇಳಿದ ಸೂಲಗಿತ್ತಿಗೆ ಸೀರೆ, ರವಿಕೆಯ ಕುಬಸ ಕೊಡುವ ರೂಢಿಯಿದ್ದರೂ, ತಾಯಿಯವರು ಯಾರ ಮನೆಯಲ್ಲೂ ಒಂದು ಕುಬಸವನ್ನೂ ಬಾಯಿಬಿಟ್ಟು ಕೇಳಿದವರಲ್ಲ. ಆದರೆ ಸಿಟ್ಟಿನಲ್ಲಿದ್ದವರಿಗೆ ಅದೆಲ್ಲ ಎಲ್ಲಿ ನೆನಪಾಗಬೇಕು!

ಬಿಸಿಲು ಇಳಿಯುವ ಹೊತ್ತಿಗೆ ಒಳಗಿನಿಂದ ಕೂಸಿನ ಅಳು ಕೇಳಿತು. ಫಕ್ಕೀರವ್ವ ಧಡಕ್ಕನೆ ಎದ್ದು ಬಾಗಿಲು ಬಡಿದಳು. "ಏನ್ರೀ? ಏನ್ ಕೂಸು?"

ಮತ್ತೆ ಬಡಿದಳು. ಸ್ವಲ್ಪ ಹೊತ್ತಿನ ಮೇಲೆ ಮಾಬೂಬಿಯವರು ಬಾಗಿಲು ಸರಿಸಿ "ಬಿಸಿನೀರು ಬೇಕ್ರಿ, ಲಗೂನ ಕೊಡ್ರಿ" ಎಂದರು. ಬೇರೆಯವರ ಕೈಗೆ ಕೊಟ್ಟರೆ ಫಕ್ಕೀರವ್ವ ಅಲ್ಲವೇ ಅಲ್ಲ. ಬಿಸಿನೀರಿನ ನೆವದಲ್ಲಿ ತಾನೇ ಒಳಗೆ ನುಗ್ಗಿದಳು.

ಅವಳ ಕಣ್ಣು ನೇರ ಹೋದದ್ದು ಕೂಸಿನ ಮೇಲೆ. ಕಂಡದ್ದು ಬಟ್ಟೆಯ ಗಂಟು ಮತ್ತು ಅದರ ತುದಿಗೊಂದು ಕೆಂಪು ಮುಖ. ತಾಯಿಯವರು ಅದನ್ನು ಸಾವಂತ್ರಿಯ ಎದೆಗೆ ಹಚ್ಚಿದ್ದರು. ಕೂಸು ಚೀಪಿದರೆ ಮಾಸು ಬೇಗ ಇಳಿಯುತ್ತದೆ ಎಂಬುದು ಅವರ ಅನುಭವ. ಆದರೆ ಅಂದು ಇಳಿದಿರಲಿಲ್ಲ. ಕೆಳಗೆ ಹಾಸಿದ ಬಟ್ಟೆ ಕೆಂಪಾಗಿ ತೊಯ್ದಿತ್ತು. ಅದನ್ನು ಸರಿಸಿ ಬೇರೆ ಹಾಸಿದರೆ ಅದೂ ತೊಯ್ಯುತ್ತಿತ್ತು. ತಾಯಿಯವರ ಕೈ ಸಾವಂತ್ರಿಯ ಹೊಟ್ಟೆಯ ಮೇಲೆ ಒಂದೇ ಸಮನೆ ತೀಡುತ್ತಿತ್ತು.

"ಅವ್ವಾರ, ಏನ್ ಕೂಸ್ರೀ?" ಎಂದು ಸಾವಂತ್ರಿ ಕ್ಷೀಣ ದನಿಯಲ್ಲಿ ಕೇಳಿದಳು. ಅವಳ ಬಾಳೇ ಆ ಪ್ರಶ್ನೆಗೆ ಜೋತುಬಿದ್ದಿತ್ತು.

"ಚಲೋ ಕೂಸು. ಸುಮ್ನಿರು, ಶಕ್ತಿ ಉಳಿಸಿಕೋ" ಎಂದರು ತಾಯಿಯವರು. ಆಮೇಲೆ ಫಕ್ಕೀರವ್ವನ ಕಡೆ ನೋಡದೆಯೇ ಹೇಳಿದರು: "ಬಂದದ್ದು ಚಲೋ ಆತು. ಹಿಂದ ಕುಂಡ್ರು. ಈಕೀನ ಎದಿಗೆ ಆನಿಸಿಕೋ."

ಆ ದನಿಗೆ ಎದುರಾಡುವುದು ಫಕ್ಕೀರವ್ವನಿಂದಲೂ ಆಗಲಿಲ್ಲ. ಗೋಡೆಗೆ ಒರಗಿ ಕೂತು ಸೊಸೆಯನ್ನು ಎದೆಗೆ ಒರಗಿಸಿಕೊಂಡಳು. ಆದರೂ ಹಟ ಸುಲಭಕ್ಕೆ ಸಾಯುತ್ತದೆಯೇ? "ಅಲ್ರೀ, ಕೂಸು ಏನಂತ ಒಂದ್ ಮಾತು..." ಎಂದು ಮತ್ತೆ ಶುರುಮಾಡಿದಳು.

ತಾಯಿಯವರು ಆಗ ತಲೆ ಎತ್ತಿದರು. ಕೈ ಮಾತ್ರ ನಿಲ್ಲಲಿಲ್ಲ.

"ಫಕ್ಕೀರವ್ವಾ, ಕೂಸನ್ನ ಶಿವ ಕೊಟ್ಟಾಗೇತಿ. ಅದನ್ನ ಬದಲಿ ಮಾಡಾಕ ನಿನ್ನ ಕೈಲೂ ಆಗಂಗಿಲ್ಲ, ನನ್ನ ಕೈಲೂ ಆಗಂಗಿಲ್ಲ. ಈಕಿ ಇನ್ನೂ ನಮ್ಮ ಕೈಯಾಗ ಅದಾಳ. ನಿನಗ ಯಾವುದು ಬೇಕು ಹೇಳು. ಕೂಸಿನ ಸುದ್ದಿ ಬೇಕಂದ್ರ ಈಗ ಹೇಳ್ತೇನಿ, ಕೇಳಿಕೊಂಡು ಎದ್ದು ಹೊರಗ ಹೋಗು. ಈಕಿ ಬೇಕಂದ್ರ ಗಟ್ಟಿಯಾಗಿ ಹಿಡಕೊಂಡು ಬಾಯಿ ಮುಚ್ಚು."

ಮಾಬೂಬಿಯವರು ಬಟ್ಟೆ ಹಾಸುವುದನ್ನು ಬಿಟ್ಟು ತಾಯಿಯವರ ಕಡೆ ತಿರುಗಿದರು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ನೇಮವನ್ನು ತಾಯಿಯವರು ಈ ಹಟಮಾರಿಯ ಕೈಗೆ ಕೊಟ್ಟುಬಿಟ್ಟರಲ್ಲ! ಈಕೆ "ಕೂಸಿನ ಸುದ್ದಿ" ಎಂದುಬಿಟ್ಟರೆ ಗತಿಯೇನು? ಆದರೆ ತಾಯಿಯವರ ಮುಖದಲ್ಲಿ ಅಳುಕೇ ಇರಲಿಲ್ಲ. ಮನುಷ್ಯರನ್ನು ಅವರಷ್ಟು ನಂಬಿದವರನ್ನು ನಾವು ಕಂಡಿಲ್ಲ.

ಸಾವಂತ್ರಿಯ ತಲೆ ಅತ್ತೆಯ ಹೆಗಲಿಗೆ ವಾಲಿತು. "ಅತ್ತೀ, ನನ್ನ ಬಿಡಬ್ಯಾಡ್ರಿ" ಎಂದಳು. ಮನೆಯಿಂದ ಬಿಡಬೇಡಿ ಎಂದಳೋ, ತೋಳಿನಿಂದ ಬಿಡಬೇಡಿ ಎಂದಳೋ, ಪಾಪ, ಅವಳಿಗೂ ತಿಳಿದಿರಲಿಕ್ಕಿಲ್ಲ. ಒಂದೇ ಸೂರಿನ ಕೆಳಗೆ ಇಷ್ಟು ವರ್ಷ ಬಾಳಿದರೂ ಅತ್ತೆ ಸೊಸೆಯನ್ನು ಹೀಗೆ ಹಿಡಿದುಕೊಂಡಿದ್ದು ಅದೇ ಮೊದಲು. ಹಿಡಿದ ಮೈ ತಣ್ಣಗಾಗುತ್ತಿರುವುದು ಸೀರೆಯ ಮೇಲಿನಿಂದಲೇ ಗೊತ್ತಾಗುತ್ತಿತ್ತು. ಫಕ್ಕೀರವ್ವ ಈ ತಂಪನ್ನು ಬಲ್ಲವಳು. ಅವಳ ಗಂಡ ಅವಳ ತೋಳಲ್ಲೇ ಹೀಗೆ ತಣ್ಣಗಾಗಿದ್ದ. ಆಗ ಬೇಡಿಕೊಳ್ಳಲು ಎದುರಿಗೆ ಯಾರೂ ಇರಲಿಲ್ಲ, ಈಗ ಇದ್ದರು.

"ಈಕಿ ಬೇಕ್ರೀ ಅವ್ವಾ" ಎಂದಳು. "ನನಗ ಏನೂ ಹೇಳಬ್ಯಾಡ್ರಿ. ಈಕೀನ ಉಳಿಸಿಕೊಡ್ರಿ."

"ಹಂಗಾದ್ರ ಈಕಿ ಜಡಿ ತಗೊಂಡು ಬಾಯಾಗ ತುರುಕು."

ಜಡೆಯ ತುದಿ ಗಂಟಲಿಗೆ ತಾಗಿ ಓಕರಿಕೆ ಬಂದರೆ ಹೊಟ್ಟೆ ಬಿಗಿದು ಮಾಸು ಇಳಿಯುತ್ತದೆ ಎಂಬುದು ಆ ಕಾಲದ ಸೂಲಗಿತ್ತಿಯರ ಉಪಾಯ. ಫಕ್ಕೀರವ್ವ ಹಾಗೇ ಮಾಡಿದಳು. ಸಾವಂತ್ರಿ ಓಕರಿಸಿದಳು. ತಾಯಿಯವರ ಅಂಗೈ ಹೊಟ್ಟೆಯ ಮೇಲೆ ಬಲವಾಗಿ ಊರಿತು. "ತಿಣುಕ ನನ್ನವ್ವಾ, ತಿಣುಕ ನನ್ನ ಬಂಗಾರಾ, ಇನ್ನೊಮ್ಮಿ, ಇನ್ನೊಮ್ಮಿ" ಎಂದು ಕೂಗುತ್ತಿದ್ದವಳು ಯಾರು? ಓಣಿಯನ್ನೆಲ್ಲ ಬೈಗುಳದಲ್ಲಿ ಗುಡಿಸುತ್ತಿದ್ದ ಅದೇ ಫಕ್ಕೀರವ್ವ. ಅವಳ ಬಾಯಲ್ಲಿ ಅಂಥ ಮಾತುಗಳಿದ್ದವೆಂದು ಅವಳಿಗೇ ಗೊತ್ತಿರಲಿಲ್ಲ.

ಮಾಸು ಬಿತ್ತು. ತಾಯಿಯವರು ಅದನ್ನು ಮೊರದ ಮೇಲೆ ಹರಡಿ, ಚೂರೂ ಒಳಗೆ ಉಳಿದಿಲ್ಲವೆಂದು ತಿರುವಿ ತಿರುವಿ ನೋಡಿದರು. ಹೊಟ್ಟೆ ಗಟ್ಟಿಯಾಗುತ್ತ ಬಂತು, ರಕ್ತ ಹಿಡಿತಕ್ಕೆ ಬಂತು. ಮಾಸು ಬಿದ್ದ ಮೇಲೆಯೇ ಹೊಕ್ಕುಳಬಳ್ಳಿ ಕತ್ತರಿಸುವುದು ಆಗಿನ ರೂಢಿ; ಅದನ್ನೂ ಕತ್ತರಿಸಿ, "ಉಳದಳು" ಎಂದರು. ಫಕ್ಕೀರವ್ವ ಸೊಸೆಯ ತಲೆಯ ಮೇಲೆ ಗದ್ದ ಊರಿ ಗಟ್ಟಿಯಾಗಿ ಅತ್ತಳು.

ಸಾವಂತ್ರಿಗೆ ಕುಡಿಸಲು ಬೆಲ್ಲದ ನೀರು ಕಾಸಬೇಕೆಂದು ಅವಳು ಹೊರಗೆ ಬಂದಾಗ ಕಟ್ಟೆಯ ಮೇಲಿದ್ದವನು ಎದ್ದು ನಿಂತ.

"ಏನಾತ್ರಿ ಅಕ್ಕಾರ?"

"ನನ್ನ ಸೊಸಿ ಉಳದಳು."

"ಅದಿರ್ಲಿ ಬಿಡ್ರಿ. ಏನ್ ಕೂಸು?"

"ನಾ ನೋಡಿಲ್ಲ" ಎಂದಳು ಫಕ್ಕೀರವ್ವ. ಅವನು ತಮಾಷೆಯೆಂದು ನಕ್ಕ. ಅವಳು ನಗಲಿಲ್ಲ. "ನಿಮ್ಮ ಹುಡುಗಿಗೆ ಬ್ಯಾರೆ ಮನಿ ನೋಡ್ರಿ ಯಪ್ಪಾ. ನಮ್ಮ ಮನ್ಯಾಗ ಸೊಸಿ ಅದಾಳ" ಎಂದು ಕೈಮುಗಿದು ಒಲೆಯ ಕಡೆ ಹೋದಳು. ಅವನಿಗೆ ತಲೆಬುಡ ತಿಳಿಯಲಿಲ್ಲ. ಕಟ್ಟೆಯ ಮೇಲಿದ್ದ ರುಮಾಲು ಎತ್ತಿಕೊಂಡು ಸ್ಟೇಶನ್ನಿನ ದಾರಿ ಹಿಡಿದ.

ಬೆಲ್ಲದ ನೀರು ತಂದಾಗ ತಾಯಿಯವರು ಕೂಸಿನ ಬಟ್ಟೆ ಬಿಚ್ಚಿದರು. "ಈಗ ನೋಡವ್ವಾ" ಎಂದರು. ಹೆಣ್ಣುಮಗು.

ಫಕ್ಕೀರವ್ವನ ಮುಖ ಒಂದು ಗಳಿಗೆ ಬಾಡಿತು ಎಂದು ಮಾಬೂಬಿಯವರೇ ಹೇಳುತ್ತಿದ್ದರು. ಅದನ್ನು ಮುಚ್ಚಿಟ್ಟು ಭಕ್ತಿ ಬೆಳೆಸುವುದು ನಮ್ಮ ಕೆಲಸವಲ್ಲ. ಮೊಮ್ಮಗನ ಆಸೆ ಎಷ್ಟೋ ವರ್ಷದ್ದು, ಒಂದು ಮಧ್ಯಾಹ್ನದಲ್ಲಿ ಬೇರುಸಹಿತ ಹೋಗುವಂಥದ್ದಲ್ಲ. ಸಾವಂತ್ರಿ ಆ ಬಾಡಿದ ಮುಖವನ್ನೇ ನೋಡುತ್ತಿದ್ದಳು. ಫಕ್ಕೀರವ್ವ ಅದನ್ನು ಕಂಡಳು. ತಟ್ಟನೆ ಅವಳ ಪಕ್ಕಕ್ಕೆ ಕೂತು, ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಬಟ್ಟಲನ್ನು ತುಟಿಗೆ ಹಿಡಿದಳು. "ಕುಡಿ. ಹಿಂಗ್ಯಾಕ ನೋಡ್ತಿ? ನಿನ್ನ ಎಲ್ಲಿಗೂ ಕಳಸಂಗಿಲ್ಲ. ನಾ ಸಾಯೂತನಕ ಇದು ನಿನ್ನ ಮನಿ, ಸತ್ತ ಮ್ಯಾಲೂ ನಿಂದ" ಎಂದಳು. ಸಾವಂತ್ರಿ ಕುಡಿದಳು. ಕಣ್ಣೀರು ಬಟ್ಟಲಿಗೂ ಬಿತ್ತು.

ಸಂಜೆ ಗಿರಣಿ ಬಿಟ್ಟಿತು. ಯಾರೋ ಸುದ್ದಿ ಮುಟ್ಟಿಸಿದ್ದರು, ದುರಗಪ್ಪ ಓಡೋಡಿ ಬಂದ. ತಲೆ ಮೀಸೆಯೆಲ್ಲ ಹತ್ತಿಯ ಎಳೆ. ಅಂಗಳದಿಂದಲೇ ಕೂಗಿದ: "ಅವ್ವಾ, ಏನ್ ಕೂಸು?"

ಫಕ್ಕೀರವ್ವ ಬಾಗಿಲಿಗೆ ಬಂದು ಎರಡೂ ಕೈ ಚಾಚಿ ಅಡ್ಡ ನಿಂತಳು.

"ಹಂಗ ಕೇಳಬ್ಯಾಡ. ನಿನ್ನ ಹೇಣ್ತಿ ಸಾವಿನ ಬಾಯಿಂದ ತಿರುಗಿ ಬಂದಾಳ. ಮೊದಲ ಕೈಕಾಲು ತೊಳಕೊಂಡು ಒಳಗ ಹೋಗಿ ಆಕಿ ಮಾರಿ ನೋಡು. ಹೆಂಗ ಅದೀ ಅಂತ ಕೇಳು. ಆಮ್ಯಾಲೆ ಕೂಸಿನ ಮಾತು."

ದುರಗಪ್ಪ ಹೂಂ ಅಂದ. ಕೈಕಾಲು ತೊಳೆದುಕೊಂಡು, ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಒಳಗಿನಿಂದ, ಹೆಂಡತಿಯನ್ನು ಹೆಸರು ಹಿಡಿದು ಮೆಲ್ಲಗೆ ಕರೆಯುವ ಅವನ ದನಿ ಕೇಳಿಸಿತು.

ನಿಂಬೆವ್ವ ತಾಯಿಯವರು ಅಂಗಳದ ಮೂಲೆಯಲ್ಲಿ ತೊಯ್ದ ಬಟ್ಟೆಗಳನ್ನು ಹಿಂಡಿ ಗಂಟು ಕಟ್ಟುತ್ತಿದ್ದರು. ಆ ದನಿ ಕೇಳಿ ಒಮ್ಮೆ ಕಣ್ಣು ಮುಚ್ಚಿದರು. ಆಮೇಲೆ ಗಂಟನ್ನು ಸೊಂಟಕ್ಕೆ ಏರಿಸಿಕೊಂಡು, "ನಡಿ ಮಾಬೂಬಿ, ಇಲ್ಲೆ ಇನ್ನ ನಮ್ಮದೇನೂ ಕೆಲಸ ಇಲ್ಲ" ಎಂದರು.